ನಡುವಿನ ಎಳೆಗಳು

ನಮ್ಮ ಪಿ.ಟಿ. ಮಾಸ್ತರರ ಬಲಗಾಲಿನ ಪ್ಯಾಂಟು ಸದಾ ಮೀನಖಂಡದ ಕೆಳಗೆ ಸುತಳಿಯಿಂದ ಬಿಗಿದಿರುತ್ತಿತ್ತು. ಸೈಕಲ್ಲಿನ ಚೈನಿಗೆ ಸಿಗಬಾರದೆಂದು ಕಟ್ಟಿದ್ದನ್ನು ಅವರು ತರಗತಿಯಲ್ಲೂ ಬಿಚ್ಚುತ್ತಿರಲಿಲ್ಲ, ಮದುವೆಯ ಪಂಕ್ತಿಯಲ್ಲೂ ಬಿಚ್ಚುತ್ತಿರಲಿಲ್ಲ. "ಮತ್ತ ಸೈಕಲ್ ಹತ್ತಾಂವನ ಅದೀನಲ್ಲ, ಯಾಕ ಬಿಚ್ಚಲಿ?" ಎನ್ನುತ್ತಿದ್ದರು. ತೊಂಬತ್ತರ ದಶಕದ ಸಿಂದಗಿಯಲ್ಲಿ, ನಮ್ಮ ಹೈಸ್ಕೂಲಿನ ಹುಡುಗಿಯರನ್ನು ಸೈಕಲ್ ರೇಸಿಗೆ ಇಳಿಸಿದ ಪುಣ್ಯಾತ್ಮ ಅವರು.

ನಾವು ಸಿಂದಗಿ ಹತ್ತಿರದ ಯಂಕಂಚಿಯ ಕುರಿ ಕಾಯುವ ಮನೆಯವರು. ಸಣ್ಣವಳಿದ್ದಾಗಿನಿಂದ ಕುರಿಯ ಹಿಂದೆ ನಡೆದ ಕಾಲು ನನ್ನದು. ಶಾಲೆಯವರು ಕೊಟ್ಟ ಸೈಕಲ್ಲನ್ನು ಎಷ್ಟು ದೂರ ಹೇಳಿದರೂ ತುಳಿಯುತ್ತಿದ್ದೆ. ಆದರೆ ಗೆಲ್ಲುತ್ತಿರಲಿಲ್ಲ. ಮುದ್ದೇಬಿಹಾಳವಿರಲಿ, ಬಸವನ ಬಾಗೇವಾಡಿಯಿರಲಿ, ರೇಸಿನುದ್ದಕ್ಕೂ ನಾನೇ ಮುಂದೆ. ಮುಕ್ತಾಯದ ಗೆರೆ ಕಣ್ಣಿಗೆ ಬಿದ್ದದ್ದೇ ತಡ, ಹಿಂದಿನವರು ಪೆಡಲ್ ಮೇಲೆ ಎದ್ದು ನಿಂತು ತುಳಿದು ನನ್ನನ್ನು ದಾಟಿ ಹೋಗುವರು. ನನಗೆ ಬೇಕಾದದ್ದು ಒಂದೇ, ವಿಜಾಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಸೀಟು. ಎಸ್ಸೆಸ್ಸೆಲ್ಸಿಯ ವರ್ಷ ಅಪ್ಪ ಮಾತು ಮುಗಿಸಿಬಿಟ್ಟ: "ಈ ಸಲ ಸಿಕ್ರ ಹೋಗು. ಇಲ್ಲಂದ್ರ ಸೈಕಲ್ ಸಾಲಿಗೆ ತಿರುಗಿ ಕೊಟ್ಟು ಕುರಿ ಹಿಂದ ಬಾ." ಅಪ್ಪನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಆ ಗೆರೆಯ ಮೇಲಿತ್ತು.

ನಮ್ಮ ಕಡೆ ಸೋತವರಿಗೆ ಇರುವ ಮದ್ದು ಒಂದೇ: ಇನ್ನಷ್ಟು ದುಡಿ. ಮಾಸ್ತರೂ ಅದನ್ನೇ ಹೇಳಿದರು. ರಜೆ ಬಂದರೆ ಇಂಡಿ ಮುಟ್ಟಿ ಬಾ ಎಂದರು. ಅದೂ ಸಾಲದೆಂದು ಝಳಕಿಯವರೆಗೆ ಕಳಿಸಿದರು. ನಾನು ಹೂಂ ಎಂದು ತುಳಿದೆ. ಮುಂದಿನ ರೇಸಿನಲ್ಲಿ ಮೊದಲಿಗಿಂತ ಹಿಂದೆ ಬಿದ್ದೆ.

ಅದರ ಮರುವಾರ ಅವ್ವ ಅಂಗಳದಲ್ಲಿ ಕೋಳಿ ಹೆಚ್ಚುತ್ತಿದ್ದಾಗ ಮಾಸ್ತರು ಬಂದರು. ಕೊರಳಲ್ಲಿ ಲಿಂಗವಿದ್ದ ಮನುಷ್ಯ, ತತ್ತಿ ಕೂಡ ಮುಟ್ಟಿದವರಲ್ಲ. ಅವ್ವ ಗಾಬರಿಯಾಗಿ ಬುಟ್ಟಿ ಮುಚ್ಚಲು ಹೋದಳು. ಅವರು ಮೂಗಿಗೆ ಟವೆಲ್ ಹಿಡಿದುಕೊಂಡೇ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು.

"ಯವ್ವಾ, ಮುಚ್ಚಬ್ಯಾಡ್ರಿ. ಕಾಲಿನ ತುಂಡ ಯಾವ ಬಣ್ಣ ಐತಿ, ಎದಿ ತುಂಡ ಯಾವ ಬಣ್ಣ, ಅಷ್ಟ ಹೇಳ್ರಿ."

"ಕಾಲಿಂದು ಕೆಂಪ ಐತ್ರಿ, ಎದೀದು ಬೆಳ್ಳಗ. ಯಾಕ್ರಿ ಸರ, ಇವತ್ತ ನಮ್ಮ ಮನ್ಯಾಗ ಊಟಕ್ಕ ಕುಂದರ್ತೀರೇನು?" ಎಂದು ಅವ್ವ ನಕ್ಕಳು.

ಮಾಸ್ತರು ನಗಲಿಲ್ಲ. ತಾವು ಕಾಲೇಜಿನಲ್ಲಿ ಓದಿದ ಹಳೆಯ ಪುಸ್ತಕವನ್ನು ಮತ್ತೆ ತೆಗೆದು ಓದಿಕೊಂಡು ಬಂದಿದ್ದರು. ನನ್ನ ಕಡೆ ತಿರುಗಿದರು.

"ಕೋಳಿ ದಿನಾ ನಡೀತೈತಿ, ಅದಕ್ಕ ಕಾಲಿನ ಮಾಂಸದ ಎಳಿ ಕೆಂಪ. ಅವು ದಣಿಯಂಗಿಲ್ಲ. ಹಾರೂದು ಬರೇ ಒಂದ್ ಚಣ, ಎದಿ ಎಳಿ ಬೆಳ್ಳಗ. ಜೋರು ಭಾಳ, ಆದ್ರ ಲಗೂನ ದಣೀತಾವ. ಮನಷ್ಯಾನ ಕಾಲಾಗ ಎರಡೂ ಕೂಡೇ ಇರ್ತಾವ. ನಿನಗ ಕೆಂಪು ಹೆಚ್ಚ, ಕಡೀಕ ಜೋರ ಕೊಡೂ ಬಿಳಿ ಕಡಿಮಿ. ಅವೆರಡರ ನಡುವ ಇನ್ನೊಂದ ಜಾತಿ ಐತಿ, ನಾವ ಹೆಂಗ ದುಡಿಸ್ತೇವಿ ಹಂಗ ಆಗ್ತಾವ ಅವು. ನಾ ಬರೇ ದೂರ ತುಳಿಸಿ ಅವಕ್ಕೂ ಜೋರ ಮರೆಸಿದೆ. ತಪ್ಪ ನಂದವ್ವಾ."

ಮಾಸ್ತರೊಬ್ಬರು ವಿದ್ಯಾರ್ಥಿಯ ಅಂಗಳಕ್ಕೆ ಬಂದು ತಪ್ಪು ತನ್ನದೆಂದು ಹೇಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವ್ವ ಒಳಗೆ ಹೋಗಿ ಅವರಿಗೆ ಚಹಾ ಇಟ್ಟಳು.

ಮರುದಿನದಿಂದ ಉದ್ದದ ಸವಾರಿ ಬಂದ್. ಶಾಲೆಯ ಹಿಂದಿನ ಏರಿನಲ್ಲಿ ಜೀವ ಹೋಗುವಷ್ಟು ಜೋರಾಗಿ ತುಳಿಯುವುದು, ಇಳಿದು ಬೇವಿನ ನೆರಳಲ್ಲಿ ಕೂಡುವುದು. ಉಸಿರು ಪೂರ್ತಿ ತಣ್ಣಗಾಗುವವರೆಗೆ ಏಳುವಂತಿಲ್ಲ. ಒಂದು ದಿನ ಹೀಗೆ ದುಡಿದರೆ ಮರುದಿನ ಸೈಕಲ್ ಮುಟ್ಟುವಂತಿಲ್ಲ. ನನಗಂತೂ ಕೂಡುವುದೇ ಶಿಕ್ಷೆಯಾಯಿತು. ದಾರಿಯಲ್ಲಿ ಹೋಗುವವರು ಚೇಷ್ಟೆ ಮಾಡುತ್ತಿದ್ದರು: "ಏನ್ರಿ ಮಾಸ್ತರ, ನಿಮ್ಮ ರೇಸಿನ ಕುದುರಿ ಕುಂತಬಿಟ್ಟೈತಲ್ಲ?" ಮಾಸ್ತರರದು ಒಂದೇ ಉತ್ತರ: "ಎಳಿ ಕುಂತಾಗನ ಬೆಳೀತಾವ್ರಿ." ನಾನು ಹಲ್ಲು ಕಚ್ಚಿ ತುಳಿದೆ, ಹಲ್ಲು ಕಚ್ಚಿಯೇ ಕೂತೆ.

ಆಯ್ಕೆಯ ರೇಸು ವಿಜಾಪುರದ ಹೊರಗಿನ ರಸ್ತೆಯಲ್ಲಿ ನಡೆಯಿತು. ಮೊದಲ ಮೂವರಿಗೆ ಮಾತ್ರ ಸೀಟು. ಬೇರೆ ಊರಿನ ಮಾಸ್ತರರೆಲ್ಲ ಗೆರೆಯ ಹತ್ತಿರ ನೆರೆದರೆ, ನಮ್ಮವರು ಅದಕ್ಕೂ ಮೊದಲಿನ ತಿರುವಿನಲ್ಲಿ ನಿಲ್ಲಲು ಹೊರಟರು.

"ಅಲ್ಲಿಂದ ಗೆರಿ ಕಾಣಂಗಿಲ್ರಿ ಸರ," ಎಂದೆ.

"ಗೆರಿ ಹಂತ್ಯಾಕ ನಿಂತು ಚಪ್ಪಾಳಿ ಹೊಡೀಲೇನು? ನೀ ಏಳಬೇಕಾದ್ದು ತಿರುವಿನ್ಯಾಗ. ನಾ ಕೈ ಎತ್ತೂತನಕ ಹಿಂದ ಇರು."

ಮುಂದಿರುವ ಚಟದವಳು ನಾನು. ಅವತ್ತು ಮುಂದಿನ ನಾಲ್ವರ ಬೆನ್ನಿಗೆ, ಗಾಳಿಗೆ ಮರೆಯಾಗಿ, ಹಟ ಹಿಡಿದು ಉಳಿದೆ. ತಿರುವಿನಲ್ಲಿ ಅವರ ಕೈ ಮೇಲೆದ್ದಿತು. ಎದ್ದು ನಿಂತು ತುಳಿದೆ. ತೊಡೆಗೆ ಬೆಂಕಿ ಬಿದ್ದಂತಾಯಿತು. ಒಬ್ಬಳನ್ನು ದಾಟಿದೆ, ಗೆರೆಯ ಹತ್ತಿರ ಇನ್ನೊಬ್ಬಳನ್ನು ದಾಟಿದೆ.

ಸೈಕಲ್ ತಳ್ಳಿಕೊಂಡು ತಿರುವಿಗೆ ಮರಳುವಾಗ ಅವರೇ ಎದುರಿಗೆ ಓಡಿ ಬರುತ್ತಿದ್ದರು. "ಏನಾತು?"

"ಮೂರನೇ ನಂಬರ್ರಿ ಸರ."

ಅವರು ರಸ್ತೆಯ ದಂಡೆಗೆ ಕೂತುಬಿಟ್ಟರು. "ಸಿಕ್ತಲ್ಲವ್ವಾ," ಎಂದು ಟವೆಲಿನಿಂದ ಮುಖ ಒರೆಸಿಕೊಂಡರು.

ಆ ಹಾಸ್ಟೆಲಿನಿಂದಲೇ ನನ್ನ ಬದುಕು ಶುರುವಾಯಿತು. ಆಮೇಲೆ ನಾನೂ ಹುಡುಗಿಯರಿಗೆ ಕೋಚ್ ಆದೆ. ಮಾಸ್ತರು ತೀರಿಕೊಂಡರೆಂದು ಮೊಬೈಲಿಗೆ ಸುದ್ದಿ ಬಂದಾಗ ಒಂದು ರೇಸಿನ ತಿರುವಿನಲ್ಲಿ ನಿಂತಿದ್ದೆ. ಕೂಡಲೇ ಹೊರಡಬೇಕೆನಿಸಿತು, ಆದರೆ ನನ್ನ ಹುಡುಗಿಯರು ಇನ್ನೂ ಬಂದಿರಲಿಲ್ಲ. ಅವರು ಬಂದರು. ಕೈ ಎತ್ತಿದೆ. ಅವರು ಕಣ್ಣಿಗೆ ಮರೆಯಾದ ಮೇಲೆ ಅಲ್ಲೇ ನಿಂತು ಅತ್ತೆ. ಯಾರು ಗೆದ್ದರೆಂದು ಗೊತ್ತಾದದ್ದು ಮಾಸ್ತರರ ಮಣ್ಣಿಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ.