ಪೊಲೀಸ್ ಕತೆ ಓದುವ ಪಾಲಯ್ಯ

ಹೊಸದುರ್ಗದ ಸಂತೆ ಮೈದಾನಕ್ಕೆ ಇನ್ನೂ ಬೆಳಕು ಹರಿದಿಲ್ಲ. ಪಕ್ಕದ ವಾಚನಾಲಯದ ಹಿತ್ತಿಲಲ್ಲಿ ಜವಾನ ಪಾಲಯ್ಯ ಸೀಮೆಎಣ್ಣೆ ಸ್ಟೌ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಾರೆ. ಹುಳ ಹಿಡಿಯದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ. ತೊಡೆಯ ಮೇಲೆ ರಟ್ಟು ಕಿತ್ತುಬಂದ ಪುಸ್ತಕ. ನಿವೃತ್ತ ಇನ್ಸ್‌ಪೆಕ್ಟರೊಬ್ಬರು ತಾವು ಪತ್ತೆಹಚ್ಚಿದ ಕೊಲೆಗಳ ಬಗ್ಗೆ ಬರೆದದ್ದು. ಕಪಾಟಿನ ಮಿಕ್ಕ ಪುಸ್ತಕಗಳು ಧೂಳು ತಿನ್ನುತ್ತಿವೆ, ಇದಕ್ಕೆ ಮಾತ್ರ ಬಿಡುವಿಲ್ಲ.

"ನಾನು ಅಂಟ್ಸೋದು, ಅದು ಹರಿದು ಬರೋದು. ಜನಕ್ಕೆ ಕೊಲೆ ಅಂದ್ರೆ ಅಷ್ಟು ರುಚಿ ನೋಡ್ರಿ," ಎನ್ನುತ್ತಾರೆ, ನಗದೆ.

ಕಸ ಗುಡಿಸುವುದು, ಪತ್ರಿಕೆ ಹರಡುವುದು ಸರ್ಕಾರ ಹೇಳಿದ ಕೆಲಸ. ಇನ್ನೊಂದು ತಾನಾಗಿ ಕೊರಳಿಗೆ ಬಿದ್ದಿದೆ. ಸಂತೆಗೆ ಕುರಿ ಹೊಡೆದುಕೊಂಡು ಬಂದವರು ವ್ಯಾಪಾರ ಮುಗಿಸಿ ಇಲ್ಲಿಯ ಜಗಲಿಗೆ ಕಂಬಳಿ ಹಾಸುತ್ತಾರೆ. ಅಕ್ಷರ ಬಾರದ ಅವರಿಗೆ ಪಾಲಯ್ಯ ಈ ಪುಸ್ತಕ ಓದಿ ಹೇಳಬೇಕು. ಕೇಳಿದ್ದನ್ನು ಮರೆಯುವ ಪೈಕಿಯಲ್ಲ ಅವರು. ಒಮ್ಮೆ ಪುಟ ಹಾರಿಸಿದಾಗ ಕುರಿ ಕಾಯುವ ಕರಿಸಿದ್ದಪ್ಪ ಕೈ ಅಡ್ಡ ಹಿಡಿದನಂತೆ: "ತಡೀರಿ ಪಾಲಯ್ಯಣ್ಣ, ಬಾವಿ ಎಲ್ಲಿ ಹೋತು? ಹೋದ ಸಂತೆಗೆ ಇತ್ತಲ್ಲ!"

ಹಾರಿಸಲು ಕಾರಣವಿತ್ತು. ಆ ಬಾವಿಯಿಂದ ಮೇಲೆತ್ತಿದ ಹೆಣ ಪಾಲಯ್ಯನವರ ಅಕ್ಕನದು.

ಹಿರೇಗುಂಟನೂರಿನ ಕಡೆಯ ಹಳ್ಳಿಯಲ್ಲಿ, ಅರವತ್ತೊಂಬತ್ತನೇ ಇಸವಿಯಲ್ಲಿ, ಗಂಡನೇ ಆಕೆಯನ್ನು ಕೊಂದು ಬಾವಿಗೆ ತಳ್ಳಿದ. ಅವನಿಗೆ ಜೀವಾವಧಿ ಆಯಿತು. ತಾಯಿಯಿಲ್ಲದ ತಮ್ಮನನ್ನು ಸಾಕಿ, ಕೂಲಿ ಮಾಡಿ ಶಾಲೆಗೆ ಕಳಿಸಿದವಳು ಅವಳು. ಈ ಓದು ಅವಳು ಕೊಟ್ಟದ್ದೇ. ಊರಲ್ಲಿರಲಾರದೆ ಪಾಲಯ್ಯ ಇಲ್ಲಿಗೆ ಬಂದರು. ಎಪ್ಪತ್ನಾಲ್ಕರಲ್ಲಿ ಅವಳ ಸಾವು ಅಚ್ಚಾಗಿ ಅವರ ಹಿಂದೆಯೇ ಬಂತು. ಹೊಸದುರ್ಗದಲ್ಲಿ ಯಾರಿಗೂ ಇದು ಗೊತ್ತಿಲ್ಲ.

ಹರಿದು ಒಲೆಗೆ ಹಾಕಬಹುದಿತ್ತಲ್ಲ ಎಂದು ವರದಿಗೆ ಬಂದ ನಾವು ಕೇಳಿದರೆ ತಲೆಯಾಡಿಸುತ್ತಾರೆ. "ಹಾಕಿದ್ರೆ ಅವಳ ಸುದ್ದಿ ಇನ್ನೆಲ್ಲೈತೆ ಹೇಳ್ರಿ?"

ಹೊತ್ತು ಏರಿದಂತೆ ಜಗಲಿ ತುಂಬುತ್ತದೆ. ಬಾವಿಯ ಪುಟಕ್ಕೆ ಬಂದಾಗ ಪಾಲಯ್ಯನವರ ದನಿ ಸಣ್ಣಗಾಗುತ್ತದೆ, ನಿಲ್ಲುವುದಿಲ್ಲ. ಇನ್ಸ್‌ಪೆಕ್ಟರ ಜಾಣತನ, ಕೊಂದವನ ಹೆಸರು, ಅವನಪ್ಪನ ಹೆಸರು, ಬೆಂಗಳೂರಿನಿಂದ ಬಂದ ಪೊಲೀಸ್ ನಾಯಿಯ ಹೆಸರು, ಎಲ್ಲ ಬರುತ್ತವೆ. ಕರಿಸಿದ್ದಪ್ಪನಿಗೆ ಇಂದೇಕೋ ಅನುಮಾನ: "ಅಲ್ಲ, ಸತ್ತ ಆಯಮ್ಮನ ಹೆಸರೇನು?"

ಬೆರಳು ಪುಟದ ಮೇಲೆ ನಿಲ್ಲುತ್ತದೆ. "ಹೆಂಗಸಿನ ಶವ ಅಂತ ಐತೆ. ಹೆಸರು ಬರೆದಿಲ್ಲ."

"ನಾಯಿಗೆ ಹೆಸರೈತೆ, ಆಯಮ್ಮಂಗಿಲ್ವ? ಥೂ. ಹೋಗ್ಲಿ, ಮುಂದಕ್ಕೆ ಓದ್ರಿ."

ಪಾಲಯ್ಯ ಮುಂದಕ್ಕೆ ಓದುತ್ತಾರೆ.

ಜಗಲಿ ಖಾಲಿಯಾದ ಮೇಲೆ ಅವರಿಗೆ ಮಾತು ಬರುತ್ತದೆ. "ಹೆಸರು ನಾಲಿಗೆ ತುದಿಗೆ ಬಂದಿತ್ತು. ಆದ್ರೆ ಅವರು ನಂಬೋದು ಅಚ್ಚಾಗಿದ್ದನ್ನ. ನಾನು ಬಾಯಾಗೆ ಹೇಳಿದ್ರೆ, ಪಾಲಯ್ಯ ಕಟ್ಟಿ ಹೇಳ್ತಾನೆ ಅಂತಾರೆ."

ಫೋಟೋ ಬೇಡವೆಂದು ಕೈ ಮುಗಿಯುತ್ತಾರೆ. "ಬೇಕಾದ್ರೆ ನನ್ನ ಹೆಸರೂ ಬಿಡ್ರಿ. ನಮ್ಮಕ್ಕನ ಹೆಸರು ಬರಗೇರಮ್ಮ. ಅದನ್ನ ಅಚ್ಚು ಹಾಕಿಸ್ರಿ ಸಾಕು. ಬರೋ ಸಂತೆಗೆ ನಿಮ್ಮ ಪೇಪರೇ ಓದ್ತೀನಿ."