ನಾಗವ್ವತ್ತೆಯ ಉಡಿ

ನಾಗವ್ವತ್ತೆಯ ಉಡಿ ಖಾಲಿ ಇದ್ದದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಉಳಿದಂತೆ ಆಕೆ ಯಾವಾಗ ಎದುರಾದರೂ ಸೆರಗನ್ನು ಸೊಂಟಕ್ಕೆ ಸುತ್ತಿ ಮಾಡಿಕೊಂಡ ಆ ಚೀಲದಲ್ಲಿ ಏನೋ ಒಂದು ಮಿಸುಕಾಡುತ್ತಿತ್ತು. ಒಮ್ಮೆ ಕಾಲುಳುಕಿದ ಕುರಿಮರಿ, ಒಮ್ಮೆ ಕಣ್ಣು ಬಿಡದ ನಾಯಿಮರಿ, ಇನ್ನೊಮ್ಮೆ ಕೌಜುಗದ ಮರಿ. ಊರ ಸುದ್ದಿ ಮಾತಾಡುತ್ತಲೇ ಉಡಿಯ ಮೇಲೆ ಕೈಯಾಡಿಸುತ್ತಿದ್ದಳು. ಹೊಸಬರು ಯಾರಾದರೂ ಅದೇನು ಎಂದು ಕೇಳಿದರೆ, "ನಮ್ಮ ಬೀಗರು ಬಂದಾರ್ರಿ, ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ" ಅನ್ನುತ್ತಿದ್ದಳು.

ಆಕೆ ನನ್ನ ಅಪ್ಪನ ತಂಗಿ. ತೆಲಂಗಾಣದ ಗಡಿಯಲ್ಲಿ ಕಂಗ್ಟಿ ಹತ್ತಿರದ ನಮ್ಮ ಹಳ್ಳಿಯಲ್ಲೇ ಕೊಟ್ಟಿದ್ದರು. ಅವರದೂ ಕುರಿ ಕಾಯುವ ಮನೆ. ಮಾಮ ಹಿಂಡಿನ ಹಿಂದೆ, ಅತ್ತೆ ಮರಿಗಳ ಹಿಂದೆ. ಮಕ್ಕಳಿಲ್ಲದ್ದಕ್ಕೆ ಹೀಗೆ ಮರಿಗಳ ಹುಚ್ಚು ಅಂತ ಯಾರೂ ತಿಳಿಯಬೇಡಿ. ಮೂವರನ್ನು ಹೆತ್ತು, ಬೈದು, ಬಡಿದು, ಮದುವೆ ಮಾಡಿ ಕೈ ತೊಳೆದುಕೊಂಡವಳು. ಆಕೆಯ ಹುಚ್ಚು ಬೇರೆಯೇ ಇತ್ತು. ಗೂಡಿನಿಂದ, ಬಿಲದಿಂದ, ಪೊದೆಯಿಂದ ಹೊರಗೆ ಕಂಡ ಮರಿಯೆಲ್ಲ ದಿಕ್ಕಿಲ್ಲದ್ದು ಎಂದು ಆಕೆ ನಂಬಿದ್ದಳು. ಅದು ತಾನಾಗಿ ಹೊರಗೆ ಬಂದಿರಬಹುದು, ಲೋಕ ಹೇಗಿದೆ ನೋಡೋಣ ಅಂತ ನಾಲ್ಕು ಹೆಜ್ಜೆ ಇಟ್ಟಿರಬಹುದು ಎಂಬ ಮಾತು ಆ ತಲೆಗೆ ಹೋಗುತ್ತಲೇ ಇರಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು.

ನಾನು ನಾರಾಯಣಖೇಡ–ಕಂಗ್ಟಿ ರಸ್ತೆಯಲ್ಲಿ ಆಟೋ ಓಡಿಸುತ್ತೇನೆ. ಸೀಟು ತುಂಬಿ ಹೊರಟಿರುತ್ತಿದ್ದೆ, ಹಿಂದಿನಿಂದ ಅತ್ತೆ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಳು. "ಮಲ್ಯಾ, ನಿಂದ್ರಸು, ನಿಂದ್ರಸು! ಆ ಬದುವಿನ ಮ್ಯಾಲ ಏನೋ ಮರಿ ಅದ!" ನಿಲ್ಲಿಸದಿದ್ದರೆ ಓಡುವ ಗಾಡಿಯಿಂದ ಇಳಿಯಲೂ ಹೇಸದ ಹೆಂಗಸು. ಪ್ಯಾಸೆಂಜರುಗಳು ನನ್ನನ್ನು ಬೈಯುತ್ತ ಕೂಡುತ್ತಿದ್ದರು, ಈಕೆ ಮುಳ್ಳುಕಂಟಿಯಲ್ಲಿ ತೂರಿಕೊಂಡು ಮೊಲದ ಮರಿ ಹುಡುಕುತ್ತಿದ್ದಳು.

ಒಂದು ವರ್ಷ ಜಹೀರಾಬಾದ್ ಕಡೆ ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮೇಯಿಸಲು ಹೋಗಿದ್ದರು. ಅಲ್ಲಿ ಕಬ್ಬಿನ ಸಾಲಿನಿಂದ ಹೊರಗೆ ಬಂದಿದ್ದ ಕಾಡುಬೆಕ್ಕಿನ ಮರಿಯನ್ನು ಉಡಿಗೆ ಹಾಕಿಕೊಂಡಳು. ಅದು ಹೊಟ್ಟೆಯನ್ನೆಲ್ಲ ಪರಚಿ ಗೆರೆ ಎಳೆಯಿತು. ಕಬ್ಬು ಕಡಿಯುವವರು ಬಿದ್ದು ಬಿದ್ದು ನಕ್ಕರಂತೆ. ಫೋನು ಬಂತು, ನಾನು ಬಾಡಿಗೆ ಬಿಟ್ಟು ಹೋದೆ, ಅದನ್ನು ಅದೇ ಸಾಲಿಗೆ ಬಿಡಿಸಿ ಅತ್ತೆಯನ್ನು ಕರೆತಂದೆ. ಬರುವಾಗ ದಾರಿಯುದ್ದಕ್ಕೂ, "ತಾಯಿ ಬಂದಳೋ ಇಲ್ಲೋ, ನೋಡೇ ಬರಬೇಕಾಗಿತ್ತು" ಎಂದು ನನ್ನ ಜೀವ ತಿಂದಳು.

ಆದರೆ ನರಿಮರಿಯ ಮುಂದೆ ಇವೆಲ್ಲ ಏನೂ ಅಲ್ಲ.

ನಮ್ಮೂರ ರಸ್ತೆಗೆ ಹತ್ತಿಕೊಂಡು ಒಂದು ಕೆಂಪು ದಿಬ್ಬವಿದೆ. ಅಲ್ಲಿ ನರಿಗಳ ಬಿಲ. ಬೇಸಿಗೆ ಬಂದರೆ ಮರಿಗಳು ಒಂದೊಂದಾಗಿ ಬಾಯಿಗೆ ಬಂದು ಕೂಡುತ್ತವೆ. ಅದರಲ್ಲಿ ಯಾವಾಗಲೂ ಒಂದು ಪುಂಡ ಇರುತ್ತದೆ. ಉಳಿದವು ಎರಡು ಗೇಣು ಬಂದು ಒಳಗೋಡಿದರೆ ಅದು ಮಾತ್ರ ಹುಲ್ಲುಕಡ್ಡಿ ಮೂಸುತ್ತ, ಜೀರುಂಡೆ ಅಟ್ಟುತ್ತ ರಸ್ತೆಯವರೆಗೂ ಬರುತ್ತದೆ. ಆ ವರ್ಷದ ಪುಂಡ ಸೀದಾ ನಾಗವ್ವತ್ತೆಯ ಕಾಲಿಗೆ ಬಂದು ನಿಂತಿತು. ಇನ್ನೇನು ಬೇಕು! ಸುದ್ದಿ ತಿಳಿದು ನಾನು ಮನೆಗೆ ಹೋಗುವಷ್ಟರಲ್ಲಿ ಅದು ಉಡಿಯಲ್ಲಿ ಮಲಗಿತ್ತು.

"ಅತ್ತೀ, ಅದು ತಪ್ಪಿಸಿಕೊಂಡದ್ದಲ್ಲ. ತಿರುಗಾಡಾಕ ಬಂದದ. ಈಗೇ ಬಿಟ್ಟು ಬಾ."

"ಹಸಿ ಕೂಸು ತಿರುಗಾಡಾಕ ಬರ್ತದೇನೋ, ಮಬ್ಬ? ತಾಯಿ ಎಲ್ಲ್ಯದ ತೋರ್ಸು ನೋಡಾಮ್."

"ತಾಯಿ ಬೇಟೆಗೆ ಹೋಗಿರ್ತದ. ನಿನ್ನಂಗ ಮನ್ಯಾಗ ಕುಂತಿರ್ತದೇನು?"

"ಹಾಂ, ಹೋಗ್ಯಾಳ. ಕೂಸಿನ್ನ ದಾರ್ಯಾಗ ಬಿಟ್ಟು ಹೋಗ್ಯಾಳ. ಎಂಥಾ ತಾಯಿ ಅದು!"

ಜಗಳವಾಡಿ ಕೊನೆಗೆ ಒಪ್ಪಿಸಿದೆ. ಅಷ್ಟರಲ್ಲಿ ಮೂರು ದಿನ ಕಳೆದಿತ್ತು. ಹೋಗಿ ನೋಡಿದರೆ ಬಿಲ ಬರಿದು. ಮನುಷ್ಯರ ಸುಳಿವು ಸಿಕ್ಕಿದ್ದೇ ತಾಯಿನರಿ ಉಳಿದ ಮರಿಗಳನ್ನು ಕಚ್ಚಿಕೊಂಡು ಎಲ್ಲಿಗೋ ಹೋಗಿತ್ತು. ಅತ್ತೆ ನನ್ನ ಮುಖ ನೋಡಿ, "ನಾ ಹೇಳಿದ್ದಿಲ್ಲೇನು, ಇದಕ್ಕ ಯಾರೂ ಇಲ್ಲಂತ?" ಎಂದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕುರಿ ಕಾಯುವವರಲ್ಲಿ ಒಂದು ಪದ್ಧತಿ ಇದೆ. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಅದಕ್ಕೆ ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಸವರುತ್ತಾರೆ. ಕುರಿ ಮೂಸಿ ನೋಡಿ, ತನ್ನದೇ ವಾಸನೆ ಬಂತೆಂದು ಸುಮ್ಮನೆ ನಿಂತು ಹಾಲು ಕುಡಿಸುತ್ತದೆ. ಅತ್ತೆ ಹಿಂಡಿನಲ್ಲಿದ್ದ ಒಂದು ಆಡಿನ ಹಾಲು ಹಿಂಡಿ ನರಿಮರಿಗೂ ಅದನ್ನೇ ಮಾಡಿದಳು. ಮೊದಲು ಆಡು ಹೌಹಾರಿತು. ದಿನಾ ಹಾಲು ಸವರಿ ಸವರಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಒಪ್ಪಿಕೊಂಡಿತು. ಅದಕ್ಕಿಂತ ಸೋಜಿಗವೆಂದರೆ ಹಿಂಡಿನ ನಾಯಿಗಳು. ಮೂಸಿದವು, ಕುರಿಮರಿ ಅಂದುಕೊಂಡವು, ಬಾಲ ಅಲ್ಲಾಡಿಸಿದವು. ಎರಡು ವಾರದಲ್ಲಿ ನರಿಮರಿ ಆ ದೊಡ್ಡ ನಾಯಿಗಳ ಕಿವಿ ಜಗ್ಗುತ್ತ ಅವುಗಳ ಹೊಟ್ಟೆಗೆ ಒರಗಿ ನಿದ್ದೆ ಮಾಡತೊಡಗಿತು.

ಆದರೆ ಕೂತಲ್ಲಿ ಕೂಡುವ ಜಾತಿಯೇ ಅದು? ಹಿಂಡು ಮೇಯಲು ಹೋದಾಗ ಎಳೆ ಮರಿಗಳ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕುತ್ತಾರೆ. ಕುರಿಮರಿಗಳು ಒಳಗೆ ತೆಪ್ಪಗಿದ್ದರೆ ಇದು ನೆಲ ಕೆರೆದು ಆಚೆ ಬರುತ್ತಿತ್ತು. ಬುಟ್ಟಿಯ ಮೇಲೆ ಕಲ್ಲು ಹೇರಿದಳು, ಸುತ್ತ ಚಪ್ಪಡಿ ಹುಗಿದಳು. ಅಡಿಯಿಂದ ತೋಡಿತು. ಅತ್ತೆ ಅದಕ್ಕೆ ಸವಾರಿ ಎಂದೇ ಹೆಸರಿಟ್ಟಳು. ಸಂಜೆಯಾದರೆ ನನಗೆ ಫೋನು: "ಮಲ್ಯಾ, ಸವಾರಿ ಎತ್ತಾಗೋ ಹೋಗ್ಯಾದ. ಜಲ್ದಿ ಗಾಡಿ ತಗೊಂಡು ಬಾ." ಇಡೀ ದಿನ ಆಟೋ ಓಡಿಸಿ ಸೊಂಟ ಬಿದ್ದಿರುತ್ತಿತ್ತು, ಮತ್ತೆ ನರಿ ಹುಡುಕಲು ಸಿರ್ಗಾಪುರದ ರಸ್ತೆ ಹಿಡಿಯಬೇಕು! ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಹೋಗುತ್ತಿದ್ದೆ. ಅದು ಯಾವುದೋ ತೊಗರಿ ಹೊಲದಲ್ಲಿ ಓತಿಕ್ಯಾತದ ಹಿಂದೆ ಬಿದ್ದಿರುತ್ತಿತ್ತು. ನಮ್ಮನ್ನು ಕಂಡರೆ, ನೀವೂ ಬಂದಿರಾ ಎನ್ನುವ ಹಾಗೆ ಓಡಿ ಬರುತ್ತಿತ್ತು.

ನನಗೆ ಒಂದೇ ಹೆದರಿಕೆ ಇತ್ತು, ಅದನ್ನು ಬಾಯಿಬಿಟ್ಟೇ ಹೇಳಿದೆ.

"ಅತ್ತೀ, ನಿನ್ನ ನಾಯಿ ಇದಕ್ಕ ಮರಿ ಅಂತಾವ. ಬ್ಯಾರೆ ಮಂದಿ ನಾಯಿ ಅಂತಾವೇನು? ಅಡವ್ಯಾಗಿನ ಪ್ರಾಣಿಗೆ ನಾಯಿ ಅಂದ್ರ ಅಂಜಿಕಿ ಇರಬೇಕು. ನೀ ಅದನ್ನೇ ತೆಗದು ಹಾಕಿದಿ."

"ಸುಮ್ನಿರೋ. ಅದು ಯಾರಿಗೇನು ಮಾಡ್ತದ?"

"ಅದು ಮಾಡಂಗಿಲ್ಲ. ಅದಕ್ಕ ಮಾಡ್ತಾರ!"

"ನಿನ್ನ ಬಾಯಾಗ ಒಂದಾದರೂ ಚಲೋ ಮಾತು ಬರಲ್ಲ ನೋಡು" ಎಂದು ಎದ್ದು ಹೋದಳು. ಕೋಪ ಬಂದರೆ ಆಕೆ ಹೀಗೇ ಎದ್ದು ಹೋಗುತ್ತಿದ್ದಳು. ಅರ್ಧ ತಾಸಿಗೆ ಚಹಾ ಮಾಡಿಕೊಂಡು ಬರುತ್ತಿದ್ದಳು.

ಮಳೆಗೆ ಮುಂಚೆ ತಾಂಡೂರಿನ ಕಡೆ ಹೊಲದವರು ಹಿಕ್ಕೆಯ ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಆ ಸಲ ಪೆದ್ದೆಮುಲ್ ಹತ್ತಿರ ಮಾಮನ ಹಿಂಡು ಹೋಯಿತು. ಅತ್ತೆಯೂ ಹೋದಳು, ಉಡಿಯಲ್ಲಿ ಸವಾರಿಯೂ ಹೋಯಿತು. "ಇಲ್ಲೇ ಅಡವಿಗೆ ಬಿಟ್ಟು ಹೋಗು, ಈಗ ತಾನೇ ಹಿಡಿದು ತಿನ್ನಾಕ ಕಲತದ" ಎಂದು ಕೈ ಮುಗಿದೆ. ಕೇಳಲಿಲ್ಲ.

ಆ ಹೊಲಗಳಲ್ಲಿ ಒಂದಕ್ಕೊಂದು ಹತ್ತಿ ಬೇರೆ ಬೇರೆಯವರ ಹಿಂಡುಗಳು. ಒಂದು ಬೆಳಿಗ್ಗೆ ಸವಾರಿ ಬುಟ್ಟಿಯ ಅಡಿಯಿಂದ ಹೊರಬಿದ್ದು, ಬದು ದಾಟಿ, ಪಕ್ಕದ ಹಿಂಡಿನ ನಾಯಿಗಳ ನಡುವೆ ಹೋಗಿ ನಿಂತಿತು. ಓಡಬಹುದಿತ್ತು. ಓಡಲಿಲ್ಲ. ಬಾಲ ಅಲ್ಲಾಡಿಸುತ್ತ ಒಂದರ ಕಿವಿ ಜಗ್ಗಲು ಹೋಯಿತಂತೆ. ಅತ್ತೆ ಕೂಗುತ್ತ ಬದು ಏರುವುದರೊಳಗೆ ಎಲ್ಲ ಮುಗಿದಿತ್ತು. ಆ ಹಿಂಡಿನ ತೆಲುಗು ಮುದುಕ ಕೋಲು ಬಿಸಾಡಿ ಓಡಿ ಬಂದು, "ಅಯ್ಯೋ ಅಮ್ಮಾ, ನಿಮ್ಮದಂತ ನಾಯಿಗಿ ಏನ್ ತಿಳೀತದ್ರಿ? ನರಿ ಅಂತ ಹಿಡದಾವ" ಎಂದು ಕಣ್ಣೀರು ಹಾಕಿದನಂತೆ. ಅತ್ತೆ ಅವನ ಕೋಲನ್ನು ಎತ್ತಿ ಅವನ ಕೈಗೇ ಕೊಟ್ಟಳಂತೆ.

ನಾನು ಹೋದಾಗ ಆಕೆ ಬುಟ್ಟಿಯ ಪಕ್ಕ ಕೂತಿದ್ದಳು. ಎಷ್ಟು ಸಲ ಹೇಳಿದ್ದೆ! ಆಕೆ ತಲೆ ಎತ್ತಿ, "ಬೈಯೋ ಮಲ್ಯಾ, ಬೈಯಾಕೇ ಬಂದಿ ಹೌದಿಲ್ಲೋ? ಬೈದು ಬಿಡು" ಎಂದಳು. ಬೈಯಲಾಗಲಿಲ್ಲ. ಚಹಾ ಮಾಡಿಕೊಟ್ಟೆ. ಮುಟ್ಟಲಿಲ್ಲ.

ಈಗ ಅತ್ತೆ ಇಲ್ಲ. ಹೋದ ಮಳೆಗಾಲ ಜ್ವರ ಹತ್ತಿ ಮಲಗಿದವಳು ಏಳಲಿಲ್ಲ. ಆಟೋದಲ್ಲಿ ಯಾರೂ ನನ್ನ ಅಂಗಿ ಜಗ್ಗುವುದಿಲ್ಲ, ಬಾಡಿಗೆ ಕೆಡುವುದಿಲ್ಲ. ಹೇಳಿದರೆ ನಗುತ್ತೀರಿ, ಆ ನೆಮ್ಮದಿಯೇ ನನಗೆ ಆಗಿಬರುತ್ತಿಲ್ಲ.

ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಆಕೆಯನ್ನು ನಾರಾಯಣಖೇಡದ ಸಂತೆಯಿಂದ ಕರೆತರುತ್ತಿದ್ದೆ. ಸಂಜೆಯ ಬಿಸಿಲು. ಕೆಂಪು ದಿಬ್ಬದ ಹತ್ತಿರ ಬರುತ್ತಲೇ ಪ್ಯಾಸೆಂಜರ್ ಒಬ್ಬ, "ಅಲ್ಲಿ ನೋಡ್ರಿ, ನರಿಮರಿ!" ಎಂದ. ಬಿಲಕ್ಕೆ ಮತ್ತೆ ನರಿ ಬಂದಿತ್ತು. ಪುಟ್ಟದೊಂದು ಮರಿ ಬಿಲ ಬಿಟ್ಟು ದೂರ ಬಂದು, ಮುಂಗಾಲೊಂದನ್ನು ಎತ್ತಿ ಹಿಡಿದು, ರಸ್ತೆಯನ್ನು ನೋಡುತ್ತ ನಿಂತಿತ್ತು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಂಗಿ ಜಗ್ಗಲಿ ಎಂದು ಕಾದೆ.

"ಯಾಕ ನಿಂದ್ರಸಿದಿ?" ಎಂದಳು ಅತ್ತೆ.

"ಮರಿ ಅದ, ಅತ್ತೀ. ಒಂದೇ ಅದ. ತಾಯಿ ಎಲ್ಲೂ ಕಾಣಸ್ವಲ್ದು."

"ತಿರುಗಾಡಾಕ ಬಂದದ" ಎಂದಳು. "ಗಾಡಿ ಹೊಡಿ."

ಇಷ್ಟು ವರ್ಷ ನಾನು ಅರಚಿಕೊಂಡ ಮಾತು ಅದು. ಆಕೆಯ ಬಾಯಲ್ಲಿ ಕೇಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಒಮ್ಮೆ ಇಳಿದಾದರೂ ನೋಡು" ಎಂದೆ. ಇಳಿಯಲಿಲ್ಲ. ಗೇರು ಹಾಕಿದೆ. ದಿಬ್ಬ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಅತ್ತೆ ಹಿಂದಕ್ಕೆ ತಿರುಗಿರಲಿಲ್ಲ. ತಲೆ ತಗ್ಗಿಸಿ, ಏನೂ ಇಲ್ಲದ ಉಡಿಯ ಮೇಲೆ ಮೆಲ್ಲಗೆ ಕೈಯಾಡಿಸುತ್ತಿದ್ದಳು.