ತಕ್ಕಡಿಗೂ ಚೀಟಿಗೂ ನಡುವೆ

ತಿಪಟೂರಿನಲ್ಲಿ ನಾನು ಗುಮಾಸ್ತನಾಗಿದ್ದ ಕೊಬ್ಬರಿ ಮಂಡಿಯ ಕಂಪ್ಯೂಟರುಗಳಿಗೆ ಒಬ್ಬರು ವೈದ್ಯರಿದ್ದರು. ಎಂಥ ರೋಗವಿದ್ದರೂ ಕನ್ನಡಕವನ್ನು ಅಂಗಿಯ ಚುಂಗಿನಲ್ಲಿ ಒರೆಸಿ, "ಇರ್ಲಿ ಬುಡಿ, ನೋಡಾನ" ಎನ್ನುವರು.

ಒಂದು ಮಧ್ಯಾಹ್ನ ತೂಕದ ಚೀಟಿ ಕೊಡುವ ಹೊಸ ಪ್ರೋಗ್ರಾಮು ಅಧಿಕಾರ ವಹಿಸಿಕೊಂಡಿತು. ಮೊದಲು ಸಿಕ್ಕಿಹಾಕಿಕೊಂಡವರು ಹೊನ್ನವಳ್ಳಿಯ ಒಬ್ಬ ಹೆಂಗಸು. ಅವರ ಕೊಬ್ಬರಿ ತಕ್ಕಡಿಯ ಮೇಲೆ ಕೂತಿದ್ದರೂ ಪರದೆಯಲ್ಲಿ 'ತೂಕ ಆಗಿಲ್ಲ' ಎಂದೇ ಬರುತ್ತಿತ್ತು. ಚೀಟಿ ಇಲ್ಲದ ಮಾಲು ಹರಾಜಿಗಿಲ್ಲ. ಹರಾಜು ಮುಗಿಯಲು ಅರ್ಧ ಗಂಟೆ.

"ಇವತ್ತು ತಪ್ಪಿದ್ರೆ ಇನ್ನು ಮುಂದಿನ ವಾರ ಕಣಪ್ಪ! ಆಗ ಟ್ರ್ಯಾಕ್ಟರ್ ನೀನ್ ತತ್ತೀಯಾ?" ಎಂದು ಆಕೆ ನನ್ನನ್ನು ದಬಾಯಿಸಿದರು.

ವೈದ್ಯರು ತಕ್ಕಡಿಯ ಹಳೆಯ ಪ್ರೋಗ್ರಾಮು, ಚೀಟಿಯ ಹೊಸ ಪ್ರೋಗ್ರಾಮು ಎರಡನ್ನೂ ವಿಚಾರಣೆಗೆ ಕೂರಿಸಿದರು. ತೂಕದ್ದನ್ನು ಹಿಂದೆ ಯಾರೋ 'ಸಿ' ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದರು. ಕೆಲಸ ಸುಸೂತ್ರವಾದರೆ ಅದು 'ತಪ್ಪು ಸೊನ್ನೆ' ಎಂಬರ್ಥದಲ್ಲಿ ಸೊನ್ನೆ ಕಳಿಸುತ್ತಿತ್ತು. ಚೀಟಿಯದು ಬೇರೆ ಭಾಷೆಯದು, ಅದಕ್ಕೆ ಸೊನ್ನೆ ಎಂದರೆ 'ಇಲ್ಲ'; ಹಾಗಾಗಿ ಬಂದ ಸೊನ್ನೆಯನ್ನು 'ಆಗಿಲ್ಲ' ಎಂದು ಓದುತ್ತಿತ್ತು. ಅವರು ನಡುವೆ ನಾಲ್ಕು ಸಾಲಿನ ದುಭಾಷಿಯೊಂದನ್ನು ಬರೆದು ಕೂರಿಸಿದರು. ಚೀಟಿ ಹೊರಬಿತ್ತು.

ಆಕೆ ಅದನ್ನು ಕಸಿದುಕೊಂಡು, "ತಪ್ಪು ಯಾರ್ದಪ್ಪ?" ಎಂದರು.

"ಯಾರ್ದೂ ಅಲ್ಲ ಕಣವ್ವ," ಎಂದು ವೈದ್ಯರು ಕಣ್ಣು ಮುಚ್ಚಿದರು. "ಬೈಯಾಕೆ ಒಬ್ರಾದ್ರೂ ಸಿಕ್ಕಿದ್ರೆ ಇಷ್ಟು ಸುಸ್ತಾಗ್ತಿರ್ಲಿಲ್ಲ."